ಬಚ್ಚಲ ಗೋಡೆಯ ಆಚೆ ಪೆಟ್ರೋಲು

ನಮ್ಮ ಕಡೆಯವರಿಗೆ ನೀರಿನ ಭಯ ಇರುವಷ್ಟು ಬೆಂಕಿಯ ಭಯ ಇಲ್ಲ. ಬಾಳೂರಿನಿಂದ ಕಳಸದವರೆಗೆ ಯಾವ ಮನೆಯ ಬಾಗಿಲು ತಟ್ಟಿ ಕೇಳಿದರೂ ಧರೆ ಕುಸಿದದ್ದು, ಹಳ್ಳ ದಾಟುವ ಸಂಕ ಕೊಚ್ಚಿಹೋದದ್ದು, ಕಣದಲ್ಲಿ ಹರಡಿದ ಕಾಫಿ ನೆನೆದದ್ದು ಹೇಳಿಯಾರೇ ಹೊರತು ಮನೆಗೆ ಬೆಂಕಿ ಬಿದ್ದ ಕಥೆಯನ್ನು ಯಾರೂ ಹೇಳುವುದಿಲ್ಲ. ವರ್ಷದಲ್ಲಿ ಐದಾರು ತಿಂಗಳು ಬೆಂಕಿ ಎಂದರೆ ನಮ್ಮ ಪಾಲಿಗೆ ವಿಪರೀತ ಉಪಚಾರ ಕೇಳುವ ನೆಂಟ. ಒಲೆಯ ಮುಂದೆ ಕುಕ್ಕರಗಾಲಲ್ಲಿ ಕೂತು, ಊದುಗೊಳವೆಯಲ್ಲಿ ಊದಿ ಊದಿ ಕಣ್ಣು ಮೂಗೆಲ್ಲ ಸುರಿದು, ಕೊನೆಗೆ ಹೋದ ವರ್ಷದ ಕ್ಯಾಲೆಂಡರಿನ ಎರಡು ತಿಂಗಳು ಹರಿದು ಹಾಕಿದ ಮೇಲೆ, ಹೋಗಲಿ ಪಾಪ ಎಂದು ಎದ್ದು ಕೂರುತ್ತದೆ. ಹೀಗೆ ಕರೆದರೂ ಬಾರದ ಬೆಂಕಿ ಕರೆಯದೆ ಬರುತ್ತದೆ ಎಂದು ಯಾರಾದರೂ ಹೇಳಿದರೆ ನಂಬುವುದು ಹೇಗೆ? ಮದುವೆಯಾಗಿ ಬಂದ ಇಪ್ಪತ್ತಾರು ವರ್ಷ ನಾನೂ ನಂಬಿರಲಿಲ್ಲ. ಈಗ ನಂಬಿದ್ದೇನೆ. ನಂಬಿದ್ದಲ್ಲದೆ ಅದನ್ನು ಕರೆದು ಕೂರಿಸಿದವಳೂ ನಾನೇ ಎನ್ನುವುದನ್ನು ಈಗಲೇ ಹೇಳಿಬಿಡುವುದು ಒಳ್ಳೆಯದು. ಹೇಗೆ ಎಂದು ತಿಳಿಯಬೇಕಾದರೆ ಮೊದಲು ನಮ್ಮ ಜೀಪ್ ಶೆಡ್ಡಿನ ವಿಷಯ ಹೇಳಬೇಕು.

ಶೆಡ್ಡನ್ನು ಕಟ್ಟಿಸಿದವರು ನಮ್ಮ ಮಾವನವರು. ಬುದ್ಧಿವಂತರು. ಮನೆಯ ಸುತ್ತ ಅಷ್ಟು ಜಾಗವಿದ್ದರೂ ಅವರು ಶೆಡ್ಡನ್ನು ಬಚ್ಚಲು ಮನೆಯ ಗೋಡೆಗೇ ಅಂಟಿಸಿ, ತಗಡು ಇಳಿಸಿ ಕಟ್ಟಿಸಿದರು. ಯಾಕೆಂದರೆ ಆ ಗೋಡೆಯ ಒಳಮಗ್ಗುಲಲ್ಲಿ ನೀರೊಲೆ ಇದೆ. ಬೆಳಗಿನಿಂದ ಸಂಜೆಯ ತನಕ ಹಂಡೆಯ ಕೆಳಗೆ ಕೊರಡು ಉರಿಯುತ್ತಲೇ ಇರುವುದರಿಂದ ಗೋಡೆಯ ಹೊರಮಗ್ಗುಲೂ ಬೆಚ್ಚಗಿರುತ್ತದೆ. ಆ ಬಿಸಿ ಗೋಡೆಗೆ ಮೊಳೆ ಹೊಡೆದು ಗೋಣಿಚೀಲ, ರೇನ್‌ಕೋಟು, ಮೆಣಸು ಕೊಯ್ಯುವ ಹಗ್ಗ ಎಲ್ಲ ನೇತುಹಾಕಿದರೆ ಬೂಸ್ಟು ಹಿಡಿಯುವುದಿಲ್ಲ. ಜೀಪು ಕೂಡ ಅದರ ಪಕ್ಕದಲ್ಲೇ ಮಲಗಿ ಬೆಳಿಗ್ಗೆ ಒಂದೇ ಸಲಕ್ಕೆ ಸ್ಟಾರ್ಟ್ ಆಗುತ್ತದೆ. ಬೇರೆಯವರೆಲ್ಲ ಜೀಪನ್ನು ಇಳಿಜಾರಿನಲ್ಲಿ ತಳ್ಳುತ್ತಿರುವಾಗ ನಮ್ಮವರು ಕೀ ತಿರುಗಿಸಿ, ಯಾರಾದರೂ ಕೇಳಿಸಿಕೊಂಡರೋ ಎಂದು ಅತ್ತಿತ್ತ ನೋಡುತ್ತಾರೆ. ಈ ಗೋಡೆಯನ್ನು ನೋಡಿ ಕಲಿತು ಸುತ್ತಿನ ಮೂರು ಮನೆಯವರು ತಮ್ಮ ಶೆಡ್ಡನ್ನು ಬಚ್ಚಲಿಗೆ ಅಂಟಿಸಿಕೊಂಡಿದ್ದಾರೆ.

ಗೋಡೆಯ ಒಳಮಗ್ಗುಲಲ್ಲಿ ನೀರೊಲೆ ಮಾತ್ರ ಇಲ್ಲ, ನಮ್ಮ ಅತ್ತೆಯವರೂ ಇದ್ದಾರೆ. ಅವರಿಗೆ ಎಂಬತ್ತೊಂದು. ಮಾತಿಗೆ ವಯಸ್ಸಾಗಿಲ್ಲ, ಮಂಡಿಗೆ ಆಗಿದೆ. ಮಧ್ಯಾಹ್ನ ನಾಲ್ಕು ಗಂಟೆಗೆ ಕಾಫಿ ಕುಡಿದು ಬಚ್ಚಲಿಗೆ ಹೋಗಿ, ಒಲೆಯ ಎದುರು ಮಣೆ ಹಾಕಿ ಕೂತರೆ ಏಳುವುದು ಊಟಕ್ಕೆ. ಏಳಬೇಕಾದರೂ ಒಂದು ಕೈ ಗೋಡೆಗೆ, ಒಂದು ಕೈ ನನ್ನ ಹೆಗಲಿಗೆ, ನಡುವೆ ಮೂರು ಸಲ ಅಯ್ಯಪ್ಪಾ. ನನ್ನ ಮಗಳು ಒಮ್ಮೆ ರೂಮ್ ಹೀಟರ್ ತಂದುಕೊಟ್ಟಿದ್ದಳು. ಅತ್ತೆ ಅದರ ಮುಂದೆ ಒಂದು ಗಳಿಗೆ ಕೂತು, "ಈ ಕೆಂಪು ಕಡ್ಡಿ ಮುಂದೆ ಕೂರೋಕೆ ನಾನೇನು ಫಾರಂ ಕೋಳಿಮರಿಯಾ?" ಎಂದು ಮತ್ತೆ ನೀರೊಲೆಗೆ ಹೋದರು. ಅದು ಈಗ ಅಟ್ಟದ ಮೇಲಿದೆ.

ಇನ್ನು ಪೆಟ್ರೋಲು. ತೋಟದ ಕಳೆ ಹೊಡೆಯುವುದಕ್ಕೆ ಮಷೀನು ಬಂದ ಮೇಲೆ ನಮ್ಮ ಕಡೆ ಪ್ರತಿ ಮನೆಯಲ್ಲೂ ಪೆಟ್ರೋಲು ಒಂದು ದಿನಸಿ ಸಾಮಾನಾಗಿದೆ. ಬಂಕು ಎಲ್ಲೋ ದೂರದಲ್ಲಿ. ಮಷೀನಿಗೆ ನಿಂತಲ್ಲೇ ಬಾಯಾರಿಕೆ. ಹಾಗಾಗಿ ಪೇಟೆಗೆ ಹೋದವರು ಸಕ್ಕರೆ, ಒಣಮೀನು ತರುವ ಹಾಗೆ ಪೆಟ್ರೋಲನ್ನೂ ತರುತ್ತಾರೆ. ತಂದದ್ದನ್ನು ತಂಪು ಪಾನೀಯದ ಖಾಲಿ ಬಾಟಲಿಗಳಿಗೆ ಹಂಚಿ, ಆಯಿಲ್ ಬೆರೆಸಿ, ಶೆಡ್ಡಿನಲ್ಲಿ ಸಾಲಾಗಿ ಇಡುತ್ತಾರೆ. ನಮ್ಮವರಿಗೆ, ಅಂದರೆ ನನ್ನ ಯಜಮಾನರಾದ ಉಪೇಂದ್ರರಿಗೆ, ಯಾವುದೂ ಮುಗಿದುಹೋಗಬಾರದು ಎನ್ನುವ ಸ್ವಭಾವ. ಆದ್ದರಿಂದ ನಮ್ಮ ಶೆಡ್ಡಿನ ಸಾಲು ಸ್ವಲ್ಪ ಉದ್ದ. ಅಕ್ಕಪಕ್ಕದವರಿಗೆ ಅದು ಗೊತ್ತು. ಹಿಂದೆ ಹಾಲಿಗೆ ಹೆಪ್ಪು ಕೇಳಿಕೊಂಡು ಬರುತ್ತಿದ್ದ ಹಾಗೆ ಈಗ ರತ್ನಕ್ಕ ಬೇಲಿಯಾಚೆಯಿಂದಲೇ ಕೂಗುತ್ತಾಳೆ: "ಶಾರದಕ್ಕಾ, ಒಂದು ಬಾಟ್ಲಿ ಪೆಟ್ರೋಲು ಇದ್ಯಾ? ನಮ್ಮ ಮಷೀನು ತೋಟದ ಅರ್ಧ ಪಟ್ಟೇಲಿ ನಿಂತುಬಿಡ್ತು." ಇಲ್ಲ ಎಂದು ಹೇಳಿದರೆ ಮನೆಯ ಮರ್ಯಾದೆ ಏನಾದೀತು? ನಾನೇ ಎಷ್ಟೋ ಸಲ ಸೆರಗಿನ ಮರೆಯಲ್ಲಿ, ಮಜ್ಜಿಗೆ ಚೊಂಬು ಕೊಟ್ಟ ಹಾಗೆ ಕೊಟ್ಟು ಕಳಿಸಿದ್ದೇನೆ.

ಹೀಗಿರುವಾಗ ನಮ್ಮ ಮಹಿಳಾ ಸಂಘದ ಸಭೆಗೆ ಅಗ್ನಿಶಾಮಕದವರು ಬಂದರು. ಗ್ಯಾಸ್ ಸಿಲಿಂಡರಿಗೆ ಬೆಂಕಿ ಹತ್ತಿದರೆ ಏನು ಮಾಡಬೇಕೆಂದು ತೋರಿಸಿಕೊಡುವುದಕ್ಕೆ. ಬಂದವರಲ್ಲಿ ಹಿರಿಯರೊಬ್ಬರು, ಮೆತ್ತಗಿನ ಮಾತಿನವರು, ಒದ್ದೆ ಗೋಣಿಚೀಲವನ್ನು ಉರಿಯುವ ಸಿಲಿಂಡರಿನ ಮೇಲೆ ಹೊದಿಸಿ ಮಗುವನ್ನು ಮಲಗಿಸಿದ ಹಾಗೆ ಬೆಂಕಿಯನ್ನು ಮಲಗಿಸಿದರು. ನಾವು ಚಪ್ಪಾಳೆ ಹೊಡೆದೆವು. ಆಮೇಲೆ ಅವರು, "ಅಮ್ಮಾ, ನೀವೆಲ್ಲ ಅಡುಗೆಮನೆ ನೋಡ್ಕೋತೀರಿ. ಶೆಡ್ಡನ್ನು ಯಾರೂ ನೋಡೋದಿಲ್ಲ. ನಿಮ್ಮ ಈ ರಸ್ತೇಲಿ ನಮ್ಮ ಗಾಡಿ ಹತ್ತಿ ಬರೋ ಹೊತ್ತಿಗೆ ನಾವು ಬೂದಿ ನೋಡೋಕೆ ಬಂದ ಹಾಗಾಗ್ತದೆ. ಇವತ್ತು ಮನೆಗೆ ಹೋಗಿ ನಿಮ್ಮ ಶೆಡ್ಡಲ್ಲಿ ಏನೇನಿದೆ ಅಂತ ಒಂದು ಪಟ್ಟಿ ಬರೀರಿ, ಸಾಕು" ಎಂದರು. ಮಾತು ಇನ್ನೂ ಮುಂದುವರಿಯಿತು. ಅವತ್ತು ಉಪ್ಪಿಟ್ಟಿನ ಜವಾಬ್ದಾರಿ ನನ್ನದಾಗಿದ್ದರಿಂದ ನಾನು ಎದ್ದು ಒಳಗೆ ಹೋದೆ.

ಪಟ್ಟಿ ಎಂದರೆ ನನಗೆ ಪ್ರಾಣ. ಹಸು ಕರು ಹಾಕಿದ ದಿನ, ಕುಕ್ಕರಿನ ರಬ್ಬರು ಬದಲಾಯಿಸಿದ ದಿನ, ಮಾವಿನ ಮಿಡಿಗೆ ಹಾಕಿದ ಉಪ್ಪಿನ ಸೇರು ಎಲ್ಲವನ್ನೂ ಬರೆದಿಡುವವಳು ನಾನು. ಮರುದಿನವೇ ಪೆನ್ಸಿಲು ಹಿಡಿದು ಶೆಡ್ಡಿಗೆ ಹೋದೆ. ಇಪ್ಪತ್ತಾರು ವರ್ಷ ದಿನಾ ನೋಡಿದ ಶೆಡ್ಡನ್ನು ಅವತ್ತು ಮೊದಲ ಸಲ ನೋಡಿದ ಹಾಗಾಯಿತು. ಪೆಟ್ರೋಲಿನ ಬಾಟಲಿ ಹನ್ನೊಂದು, ಅದರಲ್ಲಿ ಮುಚ್ಚಳ ಇಲ್ಲದೆ ಬಟ್ಟೆ ತುರುಕಿದ್ದು ಎರಡು. ಡೀಸೆಲ್ ಕ್ಯಾನು. ಗೇಟಿಗೆ ಹೊಡೆದು ಉಳಿದ ಪೇಂಟು, ಟರ್ಪೆಂಟೈನು. ಗ್ರೀಸು ಒರೆಸಿದ ಹಳೆ ಬನಿಯನ್ನುಗಳ ಒಂದು ಗುಡ್ಡೆ. ಕಾಫಿ ತುಂಬುವ ಖಾಲಿ ಚೀಲ ಇನ್ನೂರರ ಮೇಲೆ. ಕಾಫಿ ಸಿಪ್ಪೆ ತುಂಬಿದ ಚೀಲ ಬೇರೆ. ಇನ್ವರ್ಟರಿನ ಬ್ಯಾಟರಿ, ಅದರ ಮೇಲೆ ಒಂದಕ್ಕೊಂದು ಸಿಕ್ಕಿಸಿದ ಪ್ಲಗ್ಗು ಮೂರು. ಇಲಿ ಕಡಿದು ತಾಮ್ರ ಕಾಣುತ್ತಿದ್ದ ವಯರು. ಇದೆಲ್ಲ ಯಾವ ಗೋಡೆಗೆ ಒರಗಿದೆ ಎಂದು ನೋಡಿದರೆ ಆ ಬಿಸಿ ಗೋಡೆ. ಕೈ ಇಟ್ಟೆ, ಹದವಾಗಿ ಕಾದಿತ್ತು. ಒಳಗಿನಿಂದ ಅತ್ತೆ ಕೆಮ್ಮಿದ್ದು ಕೇಳಿಸಿತು. ಒಂದೂವರೆ ಇಟ್ಟಿಗೆಯ ಆಚೆ ಮುದುಕಿ, ಈಚೆ ಪೆಟ್ರೋಲು. ನನ್ನ ಪೆನ್ಸಿಲು ಅಲ್ಲೇ ನಿಂತಿತು.

ರಾತ್ರಿ ಊಟಕ್ಕೆ ಕೂತಾಗ ಪಟ್ಟಿಯನ್ನು ಗಟ್ಟಿಯಾಗಿ ಓದಿದೆ. ನಮ್ಮವರು ತುತ್ತು ಬಿಟ್ಟು ಗಮನಕೊಟ್ಟು ಕೇಳಿದರು. ಮುಗಿದ ಮೇಲೆ, "ಹದಿನಾಲ್ಕರ ಸ್ಪ್ಯಾನರ್ ಸಿಕ್ತಾ?" ಎಂದರು.

"ರೀ, ನಾನು ಎಂಥ ಓದ್ದೆ, ನೀವು ಎಂಥ ಕೇಳ್ತೀರಿ? ಆ ಪೆಟ್ರೋಲು ಮೊದಲು ಅಲ್ಲಿಂದ ತೆಗೀಬೇಕು. ಗೋಡೆ ಆಚೆ ಅತ್ತೆ ಕೂತಿರ್ತಾರೆ. ಏನಾದ್ರೂ ಆದ್ರೆ ಅವರಿಗೆ ಎದ್ದು ಓಡೋಕಾಗುತ್ತಾ?"

"ಇಷ್ಟು ವರ್ಷ ಆಗದ್ದು ಈಗ ಆಗುತ್ತಾ ಮಾರಾಯ್ತಿ? ಸರಿ, ತೆಗೆದು ಎಲ್ಲಿಡ್ಲಿ ಹೇಳು. ಪಂಪ್‌ಹೌಸಲ್ಲಿ ಇಟ್ರೆ ಬೆಳಗಾಗೋದ್ರೊಳಗೆ ಮಾಯ. ಕೊಟ್ಟಿಗೇಲಿ ಇಟ್ರೆ ಗೌರಿ ಕೊಂಬಲ್ಲಿ ಉರುಳಿಸ್ತಾಳೆ."

"ಗೋಡೋನಲ್ಲಿಡಿ."

ಅವರು ಎಲೆಯ ಮುಂದಿನಿಂದ ಅರ್ಧ ಎದ್ದೇಬಿಟ್ಟರು. "ಗೋಡೋನಲ್ಲಾ? ನಿಂಗೆ ತಲೆ ಸರಿ ಇದ್ಯಾ? ಅಲ್ಲಿ ಪಾರ್ಚ್‌ಮೆಂಟ್ ಕಾಫಿ ಇಡೋದು. ಕಾಫಿಗೆ ಪೆಟ್ರೋಲ್ ವಾಸನೆ ಹಿಡೀತದೆ!"

"ಕಾಫಿಗೆ ವಾಸನೆ ಹಿಡೀಬಾರದು, ಅತ್ತೆಗೆ ಬೆಂಕಿ ಹಿಡೀಬಹುದಾ?"

ಅತ್ತೆ ಮೊಸರನ್ನ ಕಲಸುತ್ತಾ ತಲೆ ಎತ್ತದೆ ಹೇಳಿದರು: "ನನ್ನನ್ನ ಮಧ್ಯ ತರಬೇಡಿ. ನಂಗೆ ಒಲೆ ಮುಂದೆ ಜಾಗ ಇದ್ರೆ ಸಾಕು. ಉಪೇಂದ್ರ, ಅವಳು ಹೇಳಿದ್ದು ಒಂದು ಸಲ ಕೇಳೋ. ಇಲ್ದಿದ್ರೆ ಇನ್ನೊಂದು ಸಲ ಓದ್ತಾಳೆ."

ನಮ್ಮವರು ಒಳ್ಳೆಯವರು. ಇಲ್ಲ ಎನ್ನುವುದಿಲ್ಲ, ಮಾಡುವುದೂ ಇಲ್ಲ. "ಈ ಸುತ್ತು ಕಳೆ ಹೊಡೆದು ಮುಗೀಲಿ" ಎಂದರು. ಕಳೆ ಮುಗಿಯುವ ಪದಾರ್ಥವಲ್ಲ. ಅಲ್ಲಿಂದ ಮುಂದೆ ಇಪ್ಪತ್ತು ದಿನ ನಾನು ಮನೆಯಲ್ಲಿ ಒಂದು ಸಣ್ಣ ಅಗ್ನಿಶಾಮಕ ಠಾಣೆ ನಡೆಸಿದೆ. ಗ್ರೀಸಿನ ಬನಿಯನ್ನುಗಳನ್ನು ಬಯಲಿಗೆ ಸಾಗಿಸಿದೆ. ಪ್ಲಗ್ಗುಗಳನ್ನು ಒಂದಕ್ಕೆ ಇಳಿಸಿದೆ. ಬೀಡಿ ಹಚ್ಚಿಕೊಂಡು ಶೆಡ್ಡಿನ ಹತ್ತಿರ ಬಂದವರನ್ನು ಕೊಡೆ ಹಿಡಿದು ಓಡಿಸಿದೆ. ಅತ್ತೆ ಬಚ್ಚಲಿಗೆ ಹೋದರೆ ಹತ್ತು ನಿಮಿಷಕ್ಕೊಮ್ಮೆ ಇಣುಕಿ ನೋಡುತ್ತಿದ್ದೆ. "ಎಂಥದೇ ಅದು, ನಾನು ಉಕ್ಕೋ ಹಾಲಾ, ಬಂದು ಬಂದು ನೋಡೋಕೆ?" ಎಂದು ಅವರು ರೇಗಿದರು. ಕೊನೆಗೆ ಇಷ್ಟೆಲ್ಲ ಮಾಡಿದವಳಿಗೆ ಬಾಟಲಿ ಸಾಗಿಸುವುದೇನು ದೊಡ್ಡದು ಎನ್ನಿಸಿ, ಒಂದು ಶನಿವಾರ ಮಧ್ಯಾಹ್ನ ನಮ್ಮವರು ತೋಟಕ್ಕೆ ಹೋದ ಮೇಲೆ ಸೊಂಟಕ್ಕೆ ಸೆರಗು ಕಟ್ಟಿದೆ.

ಮೂರು ದಿನದಿಂದ ನನಗೆ ನೆಗಡಿ, ಕೆಮ್ಮು. ಮೂಗು ಪೂರ್ತಿ ಕಟ್ಟಿ, ಕಾಫಿಗೂ ಕಷಾಯಕ್ಕೂ ವ್ಯತ್ಯಾಸ ಗೊತ್ತಾಗುತ್ತಿರಲಿಲ್ಲ. ಆಯಿಲ್ ಬೆರೆಸಿದ ಬಾಟಲಿಗಳು ಬಣ್ಣದಲ್ಲೇ ಗೊತ್ತಾಗುತ್ತವೆ. ಅವನ್ನೆಲ್ಲ ಬುಟ್ಟಿಯಲ್ಲಿ ಹೊತ್ತು ಅಂಗಳದ ಆಚೆ, ನೇರಳೆ ಮರದ ಬುಡಕ್ಕೆ ಸಾಗಿಸಿ ಅಡಿಕೆ ಹಾಳೆ ಮುಚ್ಚಿದೆ. ಮೂಲೆಯಲ್ಲಿ ಇನ್ನೊಂದು ಬಾಟಲಿ ಉಳಿಯಿತು. ಒಳಗೆ ತಿಳಿಯಾಗಿ, ಬಣ್ಣವಿಲ್ಲದೆ ಏನೋ ಇತ್ತು. ಬ್ಯಾಟರಿಗೆ ಹಾಕುವ ನೀರು ಇರಬೇಕು, ಹಳೆಯದು ಎಂದುಕೊಂಡೆ. ಶೆಡ್ಡಿನಲ್ಲಿ ಜೀಪು ತೊಳೆದ ನೀರು ಹೋಗಲು ಗೋಡೆಯ ಬುಡದಲ್ಲಿ ಒಂದು ಕಂಡಿ ಇದೆ. ಬಾಟಲಿಯನ್ನು ಅದಕ್ಕೆ ಗುಳುಗುಳು ಬಗ್ಗಿಸಿದೆ. ನನ್ನದು ಅಚ್ಚುಕಟ್ಟಿನ ಕೆಲಸ. ಅದರ ಹಿಂದೆಯೇ ಅರ್ಧ ಬಕೆಟ್ ನೀರನ್ನೂ ಹೊಯ್ದು ಚೆನ್ನಾಗಿ ಸಾಗಹಾಕಿದೆ.

ಆ ಬಾಟಲಿಯಲ್ಲಿದ್ದದ್ದು ಮಷೀನಿನ ಕಾರ್ಬೊರೇಟರ್ ತೊಳೆಯಲು ನಮ್ಮವರು ಬೇರೆ ಇಟ್ಟಿದ್ದ, ಆಯಿಲ್ ಬೆರೆಸದ ಪೆಟ್ರೋಲು. ಆ ಕಂಡಿ ಹೋಗುವುದು ತೋಟಕ್ಕಲ್ಲ. ಬುದ್ಧಿವಂತರಾದ ಮಾವನವರು ಎರಡೆರಡು ಮೋರಿ ಯಾಕೆಂದು ಅದನ್ನು ಗೋಡೆಯ ಕೆಳಗಿಂದ ನುಗ್ಗಿಸಿ ಬಚ್ಚಲ ಮೋರಿಗೇ ಸೇರಿಸಿದ್ದರು. ಬಚ್ಚಲ ಮೋರಿ ನೀರೊಲೆಯ ಬಾಯಿಯ ಮುಂದಿನಿಂದಲೇ ಹರಿಯುತ್ತದೆ. ಅದರ ಪಕ್ಕದಲ್ಲೇ ಮಣೆ.

ನಾನು ಕೈ ತೊಳೆಯಲು ಹೊರಗೆ ಬರುವಾಗ ಒಳಗಿನಿಂದ ಅತ್ತೆಯ ದನಿ ಬಂತು. "ಶಾರದಾ, ಎಂಥದೇ ಇದು, ಬಚ್ಚಲೆಲ್ಲ ಬಂಕಿನ ವಾಸನೆ! ಶಾರದಾ!" ಅವರ ಮೂಗಿಗೂ ವಯಸ್ಸಾಗಿರಲಿಲ್ಲ. ನನಗೆ ವಾಸನೆ ಗೊತ್ತಾಗದಿದ್ದರೂ ಆ ಮಾತು ಕಿವಿಗೆ ಬಿದ್ದ ಕೂಡಲೇ ಕೈಯಲ್ಲಿದ್ದ ಖಾಲಿ ಬಾಟಲಿ ಏನೆಂದು ಗೊತ್ತಾಯಿತು. ಓಡಿದೆ. ಅತ್ತೆ ಯಾರ ಹೆಗಲೂ ಇಲ್ಲದೆ, ಒಂದೂ ಅಯ್ಯಪ್ಪಾ ಇಲ್ಲದೆ ಎದ್ದು ಬಾಗಿಲ ಹತ್ತಿರ ಬಂದಿದ್ದರು. ಅವರ ಹಿಂದೆ ಬುಸ್ ಎಂದು ಮೋರಿಯುದ್ದಕ್ಕೂ ನೀಲಿ ಬೆಂಕಿ ಎದ್ದಿತು. ಮಣೆಯನ್ನು ದಾಟಿ ಬಂದು ಅವರ ಸೀರೆಯ ಅಂಚನ್ನು ಮುಟ್ಟಿತು. ನಾನು ಅವರನ್ನು ತಬ್ಬಿಕೊಂಡು ಹೊರಗೆ ಎಳೆದು, ಅಂಚನ್ನು ಕೈಯಲ್ಲೇ ಉಜ್ಜಿ ನಂದಿಸಿದೆ. ಅಲ್ಲಿಯವರೆಗೆ ಸರಿ. ಆಮೇಲೆ ಮಾಡಿದ್ದನ್ನು ಹೇಳಲು ನಾಚಿಕೆಯಾಗುತ್ತದೆ. ಅಗ್ನಿಶಾಮಕದವರ ಎದುರು ಮುಂದಿನ ಸಾಲಲ್ಲೇ ಕೂತು ಚಪ್ಪಾಳೆ ಹೊಡೆದಿದ್ದ ನಾನು, ಬಕೆಟ್ ತುಂಬ ನೀರು ಎತ್ತಿ ರಪ್ಪನೆ ಎರಚಿದೆ. ಬೆಂಕಿ ನೀರಿನ ಮೇಲೆ ಹತ್ತಿಕೊಂಡು, ಇಲ್ಲಿಯವರೆಗೆ ಹೋಗದ ಮೂಲೆಗೂ ತೇಲಿ ಹೋಯಿತು. ಅಲ್ಲಿ ಒಣಗಲು ಹಾಕಿದ್ದ ಟವೆಲ್ಲು ಹತ್ತಿಕೊಂಡಿತು.

"ನೀರು ಬೇಡ, ನೀರು ಬೇಡ!" ಎನ್ನುತ್ತಾ ನಮ್ಮವರು ಕೂಗು ಕೇಳಿ ತೋಟದ ದಾರಿಯಿಂದ ಓಡಿಬಂದರು. ಬರುವಾಗಲೇ ಅಂಗಳದಲ್ಲಿ ನೆನೆಯುತ್ತಿದ್ದ ಎರಡು ಗೋಣಿಚೀಲ ಎಳೆದುಕೊಂಡಿದ್ದರು. ಮೋರಿಯ ಮೇಲೆ ಒಂದು, ಟವೆಲ್ಲಿನ ಮೇಲೆ ಒಂದು ಹಾಕಿ ತುಳಿದರು. ಸಂಘದ ಸಭೆಗೆ ಹೋಗದವರಿಗೆ ಅದು ಗೊತ್ತಿತ್ತು. ಎಲ್ಲ ಸೇರಿ ಮೂರು ನಿಮಿಷ ಆಗಿರಬಹುದು. ಬೆಂಕಿ ಹೋಯಿತು, ಹೊಗೆ ಉಳಿಯಿತು. ಅತ್ತೆ ಜಗಲಿಯ ಮೇಲೆ ಕೂತು ಸೀರೆಯ ಸುಟ್ಟ ಅಂಚನ್ನು ಬೆರಳಲ್ಲಿ ಹಿಡಿದು ನೋಡಿದರು. ಅಂಗೈಯಗಲ ಹೋಗಿತ್ತು. ಕಾಲಿಗೆ ಏನೂ ಆಗಿರಲಿಲ್ಲ. ಅವರು ಮಗನ ಕಡೆ ತಿರುಗಿದರು.

"ನಿನ್ನ ಪೆಟ್ರೋಲಿನ ಹುಚ್ಚಿಗೆ ನಾನು ಇವತ್ತು ಹೊಗೆಯಾಗಿ ಹೋಗ್ತಿದ್ದೆ ಕಣೋ! ಆ ಹುಡುಗಿ ಇಪ್ಪತ್ತು ದಿನದಿಂದ ಬಡ್ಕೊಂಡ್ಳು. ಕೇಳಿದ್ಯಾ? ಸ್ಪ್ಯಾನರ್ ಬೇಕಿತ್ತು ಅವನಿಗೆ!"

ಐವತ್ತೆರಡರ ನನ್ನನ್ನು ಅವರು ಹುಡುಗಿ ಎಂದದ್ದು ಸಿಟ್ಟಿನಲ್ಲೋ ಪ್ರೀತಿಯಲ್ಲೋ ತಿಳಿಯಲಿಲ್ಲ. ನಮ್ಮವರು ತಾಯಿಯನ್ನು ನೋಡಿದರು, ನನ್ನನ್ನು ನೋಡಿದರು, ನನ್ನ ಕೈಯಿಂದ ಬಿದ್ದು ಬಚ್ಚಲ ಬಾಗಿಲಲ್ಲಿ ಉರುಳಿದ್ದ ಬಾಟಲಿಯನ್ನೂ ನೋಡಿದರು. ನಾನು ಬಾಯಿ ತೆರೆದೆ. ಕೆಮ್ಮು ಬಂತು. ಅಷ್ಟರಲ್ಲಿ ಅವರು, "ಹೌದಮ್ಮಾ, ನಂದೇ ತಪ್ಪು" ಎಂದುಬಿಟ್ಟರು. ನಾನು ತೆರೆದ ಬಾಯಿಯನ್ನು ಮುಚ್ಚಿಕೊಂಡೆ. ಇದಕ್ಕಿಂತ ಸಣ್ಣ ಕೆಲಸವನ್ನು ನಾನು ಜೀವನದಲ್ಲಿ ಮಾಡಿದ ನೆನಪಿಲ್ಲ.

ಮರುದಿನ ಬೆಳಿಗ್ಗೆಯೇ ಅವರು ಗುದ್ದಲಿ ಹಿಡಿದರು. ಮನೆಯಿಂದ ದೂರ, ಗೇಟಿನ ಹತ್ತಿರದ ನೆರಳಿನಲ್ಲಿ, ಕಲ್ಲಿನ ಒಂದು ಪುಟ್ಟ ಗೂಡು ಕಟ್ಟಿ ತಗಡಿನ ಬಾಗಿಲು, ಬೀಗ ಹಾಕಿದರು. ಗಾಳಿಯಾಡಲು ಮೇಲೊಂದು ಕೆಳಗೊಂದು ಕಿಂಡಿ ಬಿಟ್ಟರು. ಬಾಟಲಿಗಳೆಲ್ಲ ಹೋಗಿ, ಬಿಗಿ ಮುಚ್ಚಳದ ಒಂದೇ ಒಂದು ಕಬ್ಬಿಣದ ಕ್ಯಾನು ಬಂತು. ಅದರಲ್ಲಿ ಒಂದು ವಾರಕ್ಕೆ ಬೇಕಾದಷ್ಟು ಮಾತ್ರ. ಬಿಸಿ ಗೋಡೆಯ ಮೊಳೆಗಳನ್ನು ಒಂದೊಂದಾಗಿ ಕಿತ್ತರು. ಇಲಿ ಕಡಿದ ವಯರು ಬದಲಾಯಿತು. ಶೆಡ್ಡಿನ ಕಂಡಿಯನ್ನು ಸಿಮೆಂಟು ಹಾಕಿ ಮುಚ್ಚಿ ಬೇರೆ ಮೋರಿ ತೋಡಿದರು. ಇಷ್ಟೆಲ್ಲ ಮಾಡುವಾಗ ನನ್ನನ್ನು ಒಂದು ಮಾತೂ ಕೇಳಲಿಲ್ಲ. ಕೇಳಿದ್ದರೆ ಹೇಳಿಬಿಡುತ್ತಿದ್ದೆ ಎಂದು ನಾನು ದಿನಾ ಅಂದುಕೊಳ್ಳುತ್ತಿದ್ದೆ.

ಸುದ್ದಿ ಊರೆಲ್ಲ ಹರಡಿತು. ಜೀಪು ನಿಲ್ಲಿಸಿದಲ್ಲೆಲ್ಲ ನಮ್ಮವರಿಗೆ ಬುದ್ಧಿವಾದ. "ಎಂಥ ಉಪೇಂದ್ರಣ್ಣ, ಅಕ್ಕ ಅಷ್ಟು ಹೇಳಿದ್ರಂತೆ, ಕೇಳ್ಬಾರ್ದಾ?" ಅವರು ತಲೆ ಕೆರೆದುಕೊಂಡು ನಗುತ್ತಿದ್ದರು. ನನ್ನನ್ನಂತೂ ಸಂಘದವರು ಮುಂದಿನ ಸಭೆಯಲ್ಲಿ ಎದ್ದು ನಿಲ್ಲಿಸಿ ಮಾತಾಡಿಸಿದರು. ನಾನು ಬೇಡ ಬೇಡ ಎಂದೇ ಶುರುಮಾಡಿ ಕಾಲು ಗಂಟೆ ಮಾತಾಡಿದೆ. ಗಂಡಸರ ಅಲಕ್ಷ್ಯದ ಬಗ್ಗೆ ಬಹಳ ಚೆನ್ನಾಗಿ ಮಾತಾಡಿದೆ ಎಂದು ಎಲ್ಲರೂ ಹೇಳಿದರು. ಕೂತ ಮೇಲೆ ರತ್ನಕ್ಕ ಪಕ್ಕದಿಂದ, "ಅವತ್ತು ಆ ಆಫೀಸರು ಇನ್ನೊಂದು ಮಾತೂ ಹೇಳಿದ್ರು ಶಾರದಕ್ಕಾ. ಪೆಟ್ರೋಲನ್ನ ಯಾವ ಕಾರಣಕ್ಕೂ ಮೋರಿಗೆ ಸುರೀಬೇಡಿ, ಬೆಂಕಿ ಇದ್ದಲ್ಲಿಗೆ ಹುಡ್ಕೊಂಡು ಹೋಗ್ತದೆ ಅಂತ. ನೀವು ಆಗ ಒಳಗೆ ಉಪ್ಪಿಟ್ಟು ಬಡಿಸ್ತಾ ಇದ್ರಿ" ಎಂದಳು. ಅವಳು ಏನನ್ನೂ ಮನಸ್ಸಿನಲ್ಲಿಟ್ಟುಕೊಂಡು ಹೇಳಿದ್ದಲ್ಲ. ಆದರೂ ನಾನು ಮನೆಗೆ ಬಂದು ಸೀರೆ ಬದಲಾಯಿಸದೆ ನೇರ ಬಚ್ಚಲಿಗೆ ಹೋದೆ.

ಅತ್ತೆ ಹೊಸ ಮಣೆಯ ಮೇಲೆ ಕೂತು ಕಾಲು ಚಾಚಿದ್ದರು. ಅವರ ಪಕ್ಕ ಕುಕ್ಕರಗಾಲಲ್ಲಿ ಕೂತು, "ಅತ್ತೆ, ಅವತ್ತಿನ ಪೆಟ್ರೋಲು ಅವರು ಚೆಲ್ಲಿದ್ದಲ್ಲ. ನಾನು ನೀರು ಅಂದ್ಕೊಂಡು ಸುರಿದಿದ್ದು. ನಿಮ್ಮ ಜೀವಕ್ಕೆ ನಾನೇ..." ಎಂದೆ.

"ಗೊತ್ತು ಕಣೇ" ಎಂದರು ಅವರು, ಕೊರಡನ್ನು ಒಳಗೆ ತಳ್ಳುತ್ತಾ. "ಅವನು ತೋಟದಲ್ಲಿದ್ದ. ಗೋಡೆ ಆಚೆ ಕೆಮ್ಮಿದ್ದು ಯಾರು ಮತ್ತೆ, ಜೀಪಾ?"

"ಗೊತ್ತಿದ್ದೂ ಅವರಿಗೆ ಬೈದ್ರಲ್ಲ?"

"ಅವನಿಗೆ ಬೈದೆ, ಪೆಟ್ರೋಲು ಆಚೆ ಹೋಯ್ತು. ನಿಂಗೆ ಬೈದಿದ್ರೆ ಎಂಥ ಆಚೆ ಹೋಗ್ತಿತ್ತು? ನನ್ನ ಬಿಸಿನೀರು ಅಷ್ಟೇ."

ನಾನು ಕೇಳಿದೆ: "ಅವರಿಗೂ ಗೊತ್ತಾ?"

"ಅವತ್ತು ಸಂಜೇನೇ ಇಬ್ರೂ ಮಾತಾಡ್ಕೊಂಡಾಯ್ತು. ಅಮ್ಮಾ, ಅವಳ ಹತ್ರ ಎತ್ತಬೇಡ, ಮೊದಲೇ ಹೆದರಿದಾಳೆ ಅಂದ. ನಾನ್ಯಾಕೆ ಎತ್ಲಿ? ಅವಳೇ ಬಂದು ಹೇಳ್ತಾಳೆ, ನಾಲ್ಕು ದಿನ ಆಗಬಹುದು ಅಂದೆ." ಅತ್ತೆ ನನ್ನ ಕಡೆ ಒಮ್ಮೆ ನೋಡಿದರು. "ಹದಿನೈದು ದಿನ ತಗೊಂಡೆ ನೀನು."

ಅಂದರೆ ಹದಿನೈದು ದಿನ ನಾನು ಅವರಿಬ್ಬರಿಂದ ಮುಚ್ಚಿಟ್ಟಿದ್ದೇನೆ ಅಂದುಕೊಂಡಿದ್ದನ್ನು ಅವರಿಬ್ಬರೂ ಸೇರಿ ನನ್ನಿಂದ ಮುಚ್ಚಿಟ್ಟಿದ್ದರು. ಅವತ್ತು ರಾತ್ರಿ ಊಟಕ್ಕೆ ನಮ್ಮವರಿಗೆ ಇಷ್ಟವಾದ ಅಕ್ಕಿ ಕಡುಬು ಮಾಡಿ, ಕೇಳದೆಯೇ ಎರಡೆರಡು ಬಡಿಸಿದೆ. ಅವರು ಯಾಕೆಂದು ಕೇಳಲಿಲ್ಲ, ತಿಂದರು. ಮನೆಯೊಳಗಿನದು ಹೀಗೆ ಮುಗಿಯಿತು. ಆದರೆ ಸಂಘದ ಸಭೆಯಲ್ಲಿ, ಎಲ್ಲರ ಎದುರು, ಕಾಲು ಗಂಟೆ ಮಾಡಿದ ಭಾಷಣವನ್ನು ವಾಪಸು ತೆಗೆದುಕೊಳ್ಳುವ ಕ್ರಮ ಏನಾದರೂ ಇದೆಯೇ ಎಂದು ಯಾರನ್ನು ಕೇಳಬೇಕೋ ನನಗೆ ತಿಳಿಯುತ್ತಿಲ್ಲ. ಯಾಕೆಂದರೆ ಬರುವ ತಿಂಗಳು ಪಕ್ಕದ ಊರಿನ ಸಂಘದಲ್ಲಿ ಅದೇ ಭಾಷಣಕ್ಕೆ ನನ್ನನ್ನು ಕರೆದಿದ್ದಾರೆ, ನಾನು ಆಗಲಿ ಎಂದಿದ್ದೇನೆ, ಕರೆದುಕೊಂಡು ಹೋಗಿ ಬಿಡುವುದಕ್ಕೆ ನಮ್ಮವರು ಈಗಿನಿಂದಲೇ ಜೀಪು ತೊಳೆಯುತ್ತಿದ್ದಾರೆ.